ಕಣ್ಣ ನಡುವಿನ ಬಯಲು

ಬಳಗದವರೆಲ್ಲ ಬಸವಪ್ರಸಾದನನ್ನು ಗೂಬೆ ಎಂದೇ ಕರೆಯುತ್ತಿದ್ದರು. ಬೈಲಹೊಂಗಲದಲ್ಲಿ ಯಾರಾದರೂ ಹಾಗೆ ಕರೆದಿದ್ದರೆ ಅವನು ತೋಳೇರಿಸಿಕೊಂಡು ನಿಲ್ಲುತ್ತಿದ್ದನೇನೋ. ಆದರೆ ಸ್ಟುಟ್‌ಗಾರ್ಟ್‌ನಿಂದ ಒಂದು ತಾಸಿನ ದಾರಿಯ ಆಲ್ಬ್ ಗುಡ್ಡದ ನೆತ್ತಿಯಲ್ಲಿ, ಟೆಲಿಸ್ಕೋಪುಗಳನ್ನು ಹೊತ್ತು ತಂದು ಗಾಳಿಗೆ ಮೈಯೊಡ್ಡಿ ನಿಂತ ಆ ಹತ್ತೆಂಟು ಮಂದಿಯ ನಡುವೆ ಅದು ಬಿರುದಾಗಿತ್ತು. ಬೇರೆಯವರಿಗೆ ಬರೀ ಕತ್ತಲು ಕಾಣುವ ಕಡೆ ಅವನಿಗೆ ಹತ್ತಿಯ ಎಳೆಯಂಥ ಗ್ಯಾಲಕ್ಸಿಗಳು ಕಾಣುತ್ತಿದ್ದವು.

"ನೆಟ್ಟಗ ನೋಡಬ್ಯಾಡ್ರಿ. ಅದರ ಬಾಜೂಕ ನೋಡ್ರಿ, ಅದು ತಾನ ಬರ್ತೈತಿ" ಎಂದು ಅವನು ಹೊಸಬರಿಗೆ ಹೇಳಿಕೊಡುತ್ತಿದ್ದ. ಮಂಕಾದದ್ದು ನೇರ ನೋಟಕ್ಕೆ ಸಿಕ್ಕುವುದಿಲ್ಲ, ಕಣ್ಣನ್ನು ಚೂರು ಪಕ್ಕಕ್ಕೆ ಸರಿಸಿದರೆ ಅಂಚಿನಲ್ಲಿ ಮೂಡುತ್ತದೆ. ಚುಕ್ಕೆ ನೋಡುವ ಹವ್ಯಾಸಿಗಳೆಲ್ಲರೂ ಕಲಿಯುವ ಓರೆನೋಟ ಇದು. ಬೇರೆಯವರಿಗೆ ವರ್ಷಗಟ್ಟಲೆ ಹಿಡಿಯುವ ಈ ವಿದ್ಯೆ ಬಸವಪ್ರಸಾದನಿಗೆ ಈಚೀಚೆಗೆ ಉಸಿರಾಡಿದಷ್ಟು ಸಲೀಸಾಗಿತ್ತು.

ಒಮ್ಮೆ ಅವನಿಗೆ ಅನುಮಾನ ಬಂದದ್ದೂ ಉಂಟು. ಹಿಂದಿನ ಶರತ್ಕಾಲದಲ್ಲಿ ಟೆಲಿಸ್ಕೋಪಿನಿಂದ ತಲೆಯೆತ್ತಿ, ಪಕ್ಕದಲ್ಲಿದ್ದ ಅಶ್ವತ್ಥನಾರಾಯಣರನ್ನು ಕೇಳಿದ್ದ. ಹೈಡೆಲ್‌ಬರ್ಗ್‌ನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರದ ಸಂಶೋಧನೆ ಮಾಡಿ ನಿವೃತ್ತರಾದ ಅವರೇ ಈ ಬಳಗ ಕಟ್ಟಿದವರು.

"ಸರ್, ನಟ್ಟನಡುವ ಏನೂ ಕಾಣವಲ್ದು ನನಗ. ತೂತು ಬಿದ್ದಂಗ ಆಗೈತಿ."

ಅಶ್ವತ್ಥನಾರಾಯಣರು ಫ್ಲಾಸ್ಕಿನ ಕಾಫಿ ಸುರಿದುಕೊಳ್ಳುತ್ತ ನಕ್ಕಿದ್ದರು. "ಕತ್ತಲಲ್ಲಿ ಕಣ್ಣಿನ ನಡುಮಧ್ಯ ಎಲ್ಲರಿಗೂ ಕುರುಡೇ ಕಣಯ್ಯಾ. ಅದು ಕಾಯಿಲೆ ಅಲ್ಲ, ಕಣ್ಣಿರೋದೇ ಹಾಗೆ. ನಮಗ್ಯಾರಿಗೂ ಗೊತ್ತಾಗಲ್ಲ, ನಿನಗೆ ಗೊತ್ತಾಯ್ತು. ಈಗ ನೀನು ಪಕ್ಕಾ ಗೂಬೆ ಆದೆ ನೋಡು!"

ಎಲ್ಲರೂ ನಕ್ಕರು. ಬಸವಪ್ರಸಾದನೂ ನಕ್ಕು ಮತ್ತೆ ಗಾಜಿಗೆ ಕಣ್ಣಿಟ್ಟ.

ಆದರೆ ಅದು ರಾತ್ರಿಯ ಮಾತು. ಬೆಳಗಿನದು ಬೇರೆಯೇ ಇತ್ತು.

ಸ್ಟುಟ್‌ಗಾರ್ಟ್‌ನ ಫೊಯರ್‌ಬಾಕ್ ಬಡಾವಣೆಯ ಕಾರ್ಖಾನೆಗೆ ಹೊರಡುವ ಮುಂಚೆ, ಸ್ನಾನ ಮಾಡಿ, ವಿಭೂತಿ ಧರಿಸಿ, ಬಸವಪ್ರಸಾದ ಪೂಜೆಗೆ ಕೂರುತ್ತಿದ್ದ. ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ರೆಪ್ಪೆ ಮಿಟುಕಿಸದೆ ನೋಡುವುದು ಅವನು ಎಂಟನೆಯ ವಯಸ್ಸಿನಿಂದ ನಡೆಸಿಕೊಂಡು ಬಂದ ನೇಮ. ಎಳವೆಯಿಂದಲೂ ದಪ್ಪ ಗಾಜಿನ ಕನ್ನಡಕದವನು ಅವನು. ಪೂಜೆಗೆ ಕೂತಾಗ ಅದನ್ನು ತೆಗೆದಿಟ್ಟು, ಅಂಗೈಯನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡುತ್ತಿದ್ದ. ಟೆಲಿಸ್ಕೋಪಿಗೆ ಇಡುತ್ತಿದ್ದುದೂ ಅದೇ ಬಲಗಣ್ಣು.

ಚಳಿಗಾಲದ ಒಂದು ಬೆಳಿಗ್ಗೆ ಅವನ ಕೈಯಲ್ಲಿ ಲಿಂಗ ಕರಗಿತು.

ನೋಡುತ್ತ ನೋಡುತ್ತ ಅದರ ಕಪ್ಪು ಮಂಕಾಯಿತು, ಅಂಚು ಅಲುಗಿತು, ಆಮೇಲೆ ಇರಲೇ ಇಲ್ಲ. ಅಂಗೈಯ ಗೆರೆಗಳು ಸುತ್ತಲೂ ಇದ್ದವು, ಬೆರಳಿಗೆ ಮೆತ್ತಿದ ವಿಭೂತಿ ಇತ್ತು, ನಡುವೆ ಮಾತ್ರ ಬೂದಿಬಣ್ಣದ ಒಂದು ಮಿನುಗು. ಬಸವಪ್ರಸಾದನ ಮೈ ಜುಮ್ಮೆಂದಿತು. ತಂದೆ ಸಂಜೆ ಹೊತ್ತು ಪಡಸಾಲೆಯಲ್ಲಿ ಕೂತು ರಾಗವಾಗಿ ಓದುತ್ತಿದ್ದ ಪದ್ಯಗಳನ್ನು ಅವರ ತೊಡೆಗೊರಗಿ ಕೇಳುತ್ತ ಬೆಳೆದವನು ಅವನು. ಕುರುಹು ಅಳಿದು ಬಯಲಾಗುವುದು, ನೋಡುವವನು ನೋಟದಲ್ಲೇ ಅಡಗುವುದು, ಇವೆಲ್ಲ ಅರ್ಥ ತಿಳಿಯುವ ಮೊದಲೇ ಕಿವಿಯ ಮೂಲಕ ರಕ್ತಕ್ಕೆ ಇಳಿದಿದ್ದವು. ಯಾವ ಶರಣರ ಪುಣ್ಯವೋ, ಫೊಯರ್‌ಬಾಕ್‌ನ ಮೂರನೆಯ ಮಹಡಿಯ ಬಾಡಿಗೆ ಮನೆಗೆ ಅದು ಬಂದಿಳಿಯಿತು ಎಂದುಕೊಂಡ. ಕಣ್ಣಿಂದ ದಳದಳ ನೀರಿಳಿಯಿತು. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ.

ಇಂಥದ್ದನ್ನು ಬಾಯಿಬಿಟ್ಟು ಹೇಳಬಾರದು. ಆದರೆ ಹೂವಿನ ತಟ್ಟೆ ತಂದಿಡುತ್ತಿದ್ದ ಹೆಂಡತಿ ರಚನಾ ಅವನ ಒದ್ದೆ ಮುಖ ನೋಡಿ ಬಿಡಲಿಲ್ಲ.

"ಏನಾತ್ರೀ?"

"ಕೈಯಾಗ ಸ್ವಾಮಿ ಇರ್ಲಿಲ್ಲ. ಬರೇ ಬೆಳಕ ಇತ್ತು."

ರಚನಾ ಅಲ್ಲೇ ಮೊಣಕಾಲೂರಿ ಅವನಿಗೆ ಕೈಮುಗಿದಳು. ಅದೇ ವಾರ ಬೈಲಹೊಂಗಲಕ್ಕೆ ಫೋನು ಹೋಯಿತು. ಅಂದಿನಿಂದ ಅವನ ತಾಯಿ ಅಂಬವ್ವ ಹೆತ್ತ ಮಗನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದಳು.

"ಊಟ ಆತೇನ್ರೀ?"

"ಯವ್ವಾ, ನನಗ್ಯಾಕ ರೀ ಅಂತಿ?"

"ನಿಮಗಲ್ಲೇಳ್ರಿ. ನಿಮ್ಮ ಕೈಯಾಗಿನ ದೊಡ್ಡಾತಗ."

ನಗು ಬರುತ್ತಿತ್ತು, ಎದೆಯೂ ಉಬ್ಬುತ್ತಿತ್ತು. ಚಳಿಗಾಲವಿಡೀ ಬಸವಪ್ರಸಾದ ಹಾಗೆ ಒಳಗೊಳಗೇ ತುಂಬಿಕೊಂಡು ಓಡಾಡಿದ. ಹಗಲೆಲ್ಲ ಎಡಗಣ್ಣೇ ದುಡಿಯುತ್ತಿದ್ದುದರಿಂದ ಕೆಲಸದಲ್ಲಿ ಯಾವ ತೊಡಕೂ ಬರಲಿಲ್ಲ.

ಮಾರ್ಚಿನಲ್ಲಿ ಬಾಗಿಲ ಚೌಕಟ್ಟು ಡೊಂಕಾಯಿತು. ಕಾರ್ಖಾನೆಯ ನೆಲಕ್ಕೆ ಹೊಡೆದ ಹಳದಿ ಗೆರೆಗಳು ಹಾವಿನಂತೆ ಹೊರಳಿದವು. ಕನ್ನಡಕದ ನಂಬರು ಬದಲಾಗಿರಬೇಕೆಂದು ಅವನು ಕಣ್ಣಿನ ಡಾಕ್ಟರರ ಹತ್ತಿರ ಹೋದ.

ಡಾಕ್ಟರಮ್ಮ ಕಣ್ಣಿಗೆ ಹನಿ ಬಿಟ್ಟು, ಒಳಗಿನ ಚಿತ್ರ ತೆಗೆದು, ಬಹಳ ಹೊತ್ತು ಪರದೆ ನೋಡಿದರು. ಬಲಗಣ್ಣಿನ ನಟ್ಟನಡುವೆ ಹಳೆಯ ಗಾಯದ ಕಲೆ ಇತ್ತು. ಕಣ್ಣಿನ ಒಳಪೊರೆಯ ಹಿಂದೆ ರಕ್ತ ಸೋರಿ, ಒಣಗಿ, ಗಟ್ಟಿಯಾಗಿ ಕೂತದ್ದು. ಇನ್ನು ಅದಕ್ಕೆ ಮದ್ದಿಲ್ಲ. ಎಡಗಣ್ಣಿನಲ್ಲಿ ಅದೇ ಸೋರಿಕೆ ಈಗಷ್ಟೇ ಶುರುವಾಗಿದೆ. ನಾಳೆ ಬೆಳಿಗ್ಗೆಯೇ ಕಣ್ಣೊಳಗೆ ಸೂಜಿ ಕೊಡಬೇಕು, ತಡಮಾಡಿದರೆ ಇದೂ ಅದೇ ದಾರಿ. ಅಲ್ಲಿಯವರೆಗೆ ಸ್ಟಿಯರಿಂಗ್ ಮುಟ್ಟಕೂಡದು.

"ಬಲಗಣ್ಣು ಹೋಗಿ ತಿಂಗಳುಗಳೇ ಆಗಿವೆ. ನಿಮಗೆ ಗೊತ್ತೇ ಆಗಲಿಲ್ಲವೆ?" ಡಾಕ್ಟರಮ್ಮನ ದನಿಯಲ್ಲಿ ಬೈಗುಳ ಇರಲಿಲ್ಲ, ಬರೀ ಅಚ್ಚರಿ ಇತ್ತು.

ಗೊತ್ತಾಗಿತ್ತು. ದಿನಾ ಬೆಳಿಗ್ಗೆ ಗೊತ್ತಾಗುತ್ತಿತ್ತು. ಆದರೆ ತನಗೆ ಗೊತ್ತಾದದ್ದನ್ನು ಹೇಳಲು ಬಸವಪ್ರಸಾದನಿಗೆ ಜರ್ಮನಿನಲ್ಲಿ ಮಾತು ಸಿಗಲಿಲ್ಲ. ಕನ್ನಡದಲ್ಲೂ ಸಿಗುತ್ತಿರಲಿಲ್ಲ.

ಮನೆಗೆ ಬಂದವನು ಯಾರಿಗೂ ಏನೂ ಹೇಳಲಿಲ್ಲ. ತಲೆಯೊಳಗೆ ಎರಡು ಯೋಚನೆಗಳು ಗಾಣದೆತ್ತಿನಂತೆ ಸುತ್ತುತ್ತಿದ್ದವು. ಡಾಕ್ಟರಮ್ಮ ಹೇಳಿದ್ದು ನಿಜವಾದರೆ, ಇಷ್ಟು ದಿನ ತಾನು ಕಣ್ಣೀರು ಸುರಿಸಿ ನಮಸ್ಕರಿಸಿದ್ದು ಒಂದು ರಕ್ತದ ಕಲೆಗೆ. ಹೆಂಡತಿ ಕೈಮುಗಿದದ್ದು, ತಾಯಿ ತಗ್ಗಿ ನಡೆದದ್ದು ಎಲ್ಲ ಅದಕ್ಕೇ. ಸುಳ್ಳಾದರೆ? ಬಂದದ್ದು ನಿಜವಾಗಿಯೂ ಆ ಸ್ವಾಮಿಯೇ ಆಗಿದ್ದರೆ? ಆಗ ಸೂಜಿಗೆ ಕಣ್ಣೊಡ್ಡುವುದೆಂದರೆ ಮನೆ ಬಾಗಿಲಿಗೆ ಬಂದವನನ್ನು ಹೊರಗೆ ದಬ್ಬಿದಂತೆ. ಒಂದು ಸುತ್ತು ಮುಗಿದರೆ ಇನ್ನೊಂದು ಸುತ್ತು. ಕುಡಿಯಲೆಂದು ತಂದ ನೀರಿನ ಲೋಟ ಕೈಯಲ್ಲೇ ಉಳಿಯಿತು.

ಅಂದು ಸಂಜೆ ಬಳಗದವರು ಗುಡ್ಡದ ಹಳ್ಳಿಯ ಮಕ್ಕಳಿಗೆ ಚಂದ್ರನನ್ನು ತೋರಿಸುವ ಕಾರ್ಯಕ್ರಮವಿತ್ತು. ಒಲ್ಲೆ ಎನ್ನಲು ಕಾರಣ ಹೇಳಬೇಕು. ಒಂದು ಕಾರಣ ಹೇಳಿದರೆ ಎಲ್ಲವನ್ನೂ ಹೇಳಬೇಕು. ಬಸವಪ್ರಸಾದ ಟೆಲಿಸ್ಕೋಪನ್ನು ಕಾರಿಗೆ ಹಾಕಿದ.

"ಮುಖಾ ಯಾಕ್ರೀ ಹಿಂಗಾಗೈತಿ?" ರಚನಾ ಬಾಗಿಲಲ್ಲಿ ನಿಂತು ಕೇಳಿದಳು.

"ಕೆಲಸ ಭಾಳ ಇತ್ತು."

ಮಗಳು ಪವಿ ಜ್ಯಾಕೆಟ್ಟಿನ ಜಿಪ್ಪು ಎಳೆದುಕೊಳ್ಳುತ್ತ ಬಂದು ಪಕ್ಕದ ಸೀಟಿನಲ್ಲಿ ಕೂತಳು. ಮಕ್ಕಳಿಗೆ ಜರ್ಮನಿನಲ್ಲಿ ವಿವರಿಸುವ ಕೆಲಸ ಅವಳದು. ಕಳೆದ ತಿಂಗಳಷ್ಟೇ ಡ್ರೈವಿಂಗ್ ಶಾಲೆಗೆ ಸೇರಿದ್ದಳಾಗಿ ಅವಳೀಗ ಇಡೀ ಮನೆಗೆ ಟ್ರಾಫಿಕ್ ಪೊಲೀಸು.

"ಪಪ್ಪಾ, ತಿರುಗ್ತಿದ್ದಿ, ಬ್ಲಿಂಕರ್ ಹಾಕು."

"ಹಾಕೇನಿ."

"ನೋ, ಹಾಕಿಲ್ಲ. ಪರೀಕ್ಷೇಲಿ ಹಿಂಗ್ ಮಾಡಿದ್ರೆ ನಿನ್ನನ್ನ ಫೇಲ್ ಮಾಡ್ತಾರೆ."

"ಮಾಡ್ಲಿ ಬಿಡು."

ಆಟೋಬಾನ್ ಹೆದ್ದಾರಿಯಲ್ಲಿ ಕಷ್ಟವಾಗಲಿಲ್ಲ. ಮುಂದಿನ ಕಾರುಗಳ ಹಿಂದೆ ಹಿಂದೆ ಹೋದರಾಯಿತು. ಗುಡ್ಡದ ಕಿರುದಾರಿಗೆ ತಿರುಗುವಷ್ಟರಲ್ಲಿ ಬೆಳಕು ಇಳಿದಿತ್ತು. ಪಡುವಣದಲ್ಲಿ ಎಳೆಯ ಚಂದ್ರ ನಿಂತಿದ್ದ. ರಸ್ತೆಯ ನಡುವಿನ ಬಿಳಿ ಗೆರೆ ಹೊರಳುತ್ತಿತ್ತು, ಮುರಿಯುತ್ತಿತ್ತು, ಅಲ್ಲಲ್ಲಿ ಕಾಣೆಯಾಗುತ್ತಿತ್ತು. ಬಸವಪ್ರಸಾದನ ಕಣ್ಣು ತಾನಾಗಿಯೇ ಪಕ್ಕಕ್ಕೆ ಸರಿಯಿತು. ಬೇಲಿಯತ್ತ ನೋಡಿದರೆ ರಸ್ತೆ ಕಂಡಿತು.

"ಪಪ್ಪಾ," ಪವಿಯ ದನಿ ಬದಲಾಯಿತು. "ನೀನು ಎಲ್ಲಿ ನೋಡ್ತಿದ್ದಿ?"

"ರಸ್ತಾ ನೋಡಾಕತ್ತೇನಿ."

"ಇಲ್ಲ. ರೋಡ್ ಅಲ್ಲಿದೆ. ನೀನು ಅಲ್ಲಿ ನೋಡ್ತಿಲ್ಲ!"

ಮುಂದೆ ಎಲ್ಲೋ ಒಂದು ಕೆಂಪು ಚುಕ್ಕೆ ಮಿಣುಕಿತು. ಅದೇನೆಂದು ಅವನು ನೇರ ನೋಡಿದ. ಚುಕ್ಕೆ ಮಾಯವಾಯಿತು. ಇಪ್ಪತ್ತು ವರ್ಷದ ರೂಢಿ ಅವನ ಕಿವಿಯಲ್ಲಿ ತಣ್ಣಗೆ ಹೇಳಿತು: ಗಾಬರಿಯಾಗಬೇಡ, ಅದು ಅಲ್ಲೇ ಇದೆ, ನೇರ ನೋಟಕ್ಕೆ ಹೋಗುತ್ತದೆ ಅಷ್ಟೆ, ಬಾಜೂಕ ನೋಡು. ಅವನು ಅವಸರವಿಲ್ಲದೆ, ಗ್ಯಾಲಕ್ಸಿಯೊಂದನ್ನು ಹುಡುಕುವಷ್ಟೇ ನಿಧಾನವಾಗಿ, ಕಣ್ಣನ್ನು ಬೇಲಿಯ ಕಡೆಗೆ ಸರಿಸಿದ.

ಕೆಂಪು ದೀಪ ಬಾನೆಟ್ಟಿನ ಮುಂದೆಯೇ ಇತ್ತು. ದೀಪದ ಮೇಲೆ ಸೈಕಲ್ಲು, ಸೈಕಲ್ಲಿನ ಮೇಲೆ ಒಂದು ಬೆನ್ನು.

ಪವಿ ಚೀರಿದಳು. ಚೀರುತ್ತಲೇ ಎರಡೂ ಕೈಯಿಂದ ಸ್ಟಿಯರಿಂಗ್ ಹಿಡಿದೆಳೆದಳು. ಬ್ರೇಕು ಕಿರುಚಿತು. ಕಾರು ರಸ್ತೆ ಬಿಟ್ಟು, ಉತ್ತ ಹೊಲದ ಅಂಚಿಗಿಳಿದು, ಒಂದು ಚಕ್ರ ಮಣ್ಣಿನಲ್ಲಿ ಹೂತು ನಿಂತಿತು.

ಸೈಕಲ್ಲಿನ ಮುದುಕ ಬಿದ್ದಿರಲಿಲ್ಲ. ಇಳಿದು ಬಂದು ಬಾನೆಟ್ಟಿಗೆ ಫಟಾರನೆ ಹೊಡೆದ. "ಬಿಸ್ಟ್ ದು ಬ್ಲಿಂಡ್?" ಎಂದು ಗರ್ಜಿಸಿದ. ಕುರುಡನೇನೋ ನೀನು?

ಬಸವಪ್ರಸಾದ ಕಿಟಕಿ ಇಳಿಸಿ ಅವನ ಮುಖವಿರಬೇಕಾದ ಕಡೆ ನೋಡಿದ.

"ಯಾ" ಎಂದ. ಹೌದು.

ಮುದುಕ ಅದನ್ನು ಉದ್ಧಟತನವೆಂದುಕೊಂಡ. ಬಾಯಿಗೆ ಬಂದಂತೆ ಬೈದು, ಸೈಕಲ್ಲು ಹತ್ತಿ ಹೋದ. ಪವಿ ತಂದೆಯನ್ನೇ ನೋಡುತ್ತಿದ್ದಳು. ಅವಳ ಕೈ ಇನ್ನೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ.

"ಪಪ್ಪಾ, ಯಾಕೆ ಯಾ ಅಂದಿ?"

ಅವನು ಉತ್ತರ ಕೊಡುವ ಮೊದಲೇ ಹಿಂದೊಂದು ಕಾರು ಬಂದು ನಿಂತಿತು. ಅದೇ ದಾರಿಯಲ್ಲಿ ಗುಡ್ಡ ಹತ್ತುತ್ತಿದ್ದ ಅಶ್ವತ್ಥನಾರಾಯಣರು ಮಫ್ಲರು ಸುತ್ತಿಕೊಂಡು ಇಳಿದು ಬಂದರು.

"ಏನಯ್ಯಾ ಗೂಬೆ, ಹೊಲ ಉಳೋಕೆ ಶುರು ಮಾಡಿದ್ಯಾ?" ಎಂದವರು ಪವಿಯ ಮುಖ ನೋಡಿ ಬಾಯಿ ಮುಚ್ಚಿದರು. "ಏನಾಯ್ತಮ್ಮಾ?"

"ಪಪ್ಪಾಗೆ ಕಾಣ್ತಿಲ್ಲ ಅಂಕಲ್" ಎಂದಳು ಪವಿ, ಆಮೇಲೆ ಅಳತೊಡಗಿದಳು.

ಬಸವಪ್ರಸಾದ ಕೆಳಗಿಳಿದ. ರಸ್ತೆಯಂಚಿನ ಹುಲ್ಲಿನ ಮೇಲೆ ನಿಂತು ಎಲ್ಲವನ್ನೂ ಹೇಳಿದ. ಬಲಗಣ್ಣಿನ ಕಲೆ, ಎಡಗಣ್ಣಿನ ಸೋರಿಕೆ, ನಾಳೆಯ ಸೂಜಿ. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದ. ಆದರೆ ಬಾಯಿ ನಿಲ್ಲಲಿಲ್ಲ. ಅಂಗೈಯಲ್ಲಿ ಲಿಂಗ ಕರಗಿದ್ದನ್ನೂ, ತಾನದನ್ನು ಏನೆಂದು ತಿಳಿದಿದ್ದೆನೆಂಬುದನ್ನೂ, ತಾಯಿ ಬಹುವಚನ ಹಚ್ಚಿ ಮಾತಾಡುವುದನ್ನೂ ಹೇಳಿದ. ಬೇರೆ ಯಾರದೋ ಮನೆಯಲ್ಲಿ ನಡೆದದ್ದನ್ನು ಹೇಳಿದಂತಿತ್ತು.

ಅಶ್ವತ್ಥನಾರಾಯಣರು ಕಾರಿಗೆ ಒರಗಿದರು. ಅಲ್ಲಿಂದ ಮೆಲ್ಲಗೆ ಜಾರಿ ರಸ್ತೆಯಂಚಿಗೆ ಕೂತುಬಿಟ್ಟರು.

"ಆವತ್ತು ನೀನು ನನ್ನ ಕೇಳಿದೆ ಅಲ್ವೇನಯ್ಯಾ? ತೂತು ಬಿದ್ದಂಗೆ ಇದೆ ಅಂತ."

"ಕೇಳಿದ್ದೆ."

"ನಾನು ನಕ್ಕೆ."

"ನೀವು ಹೇಳಿದ್ದು ಖರೇನ ಐತಲ್ರಿ ಸರ್. ಕತ್ತಲಾಗ ಎಲ್ಲಾರಿಗೂ ಹಂಗ."

"ನಿಜ ಇದ್ರೆ ಸುಡುಗಾಡಿಗೆ ಹೋಗ್ಲಿ!" ಅಶ್ವತ್ಥನಾರಾಯಣರ ದನಿ ಒಡೆಯಿತು. "ಮನುಷ್ಯ ಕಣ್ಣು ಹೋಗ್ತಿದೆ ಅಂತಾನೆ, ನಾನು ಅವನಿಗೆ ಪಾಠ ಹೇಳ್ತೀನಿ. ಆವತ್ತೇ ಡಾಕ್ಟರ ಹತ್ರ ನೂಕಿದ್ರೆ..." ವಾಕ್ಯ ಮುಗಿಯಲಿಲ್ಲ. ಮುಗಿಸುವುದು ಅಲ್ಲಿದ್ದ ಯಾರಿಗೂ ಬೇಕಿರಲಿಲ್ಲ.

ಕೊನೆಗೆ ಅವರೇ ಕೇಳಿದರು. "ನಾಳೆ ಹೋಗ್ತೀಯ ತಾನೆ?"

ಬಸವಪ್ರಸಾದ ಪಡುವಣದ ಕಡೆ ಮುಖ ತಿರುಗಿಸಿದ.

"ಹೋಗ್ತೀಯ ತಾನೆ?"

"ಒಮ್ಮೆ ಚಂದ್ರನ್ನ ನೋಡ್ತೀನ್ರಿ" ಎಂದ ಅವನು. "ಎಡಗಣ್ಣಿಲೆ. ಟೆಲಿಸ್ಕೋಪಿನ್ಯಾಗ. ಇಡೀ ಕಂಡ್ನಂದ್ರ ಸೂಜಿಗೆ ಹೋಗಂಗಿಲ್ಲ, ಕಾಣ್ಲಿಲ್ಲಂದ್ರ ಹೋಗ್ತೀನಿ. ಆಮ್ಯಾಲ ನನ್ನ ಯಾರೂ ಕೇಳಬ್ಯಾಡ್ರಿ."

"ಹುಚ್ಚು ಹಿಡೀತೇನೋ ನಿನಗೆ! ಇದೇನು ದೇವರ ಮುಂದೆ ಹೂ ಕೇಳೋ ವ್ಯವಹಾರಾನಾ?"

"ಹೂಂರೀ. ಅದ."

ಅಶ್ವತ್ಥನಾರಾಯಣರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಪವಿ ಮೂಗೊರೆಸಿಕೊಂಡು ಡಿಕ್ಕಿ ತೆಗೆದಿದ್ದಳು. ಸ್ಟ್ಯಾಂಡು ಬಿಡಿಸಿ, ಹುಲ್ಲಿನ ಮೇಲೆ ನಿಲ್ಲಿಸಿ, ಕೊಳವೆಯನ್ನು ಚಂದ್ರನತ್ತ ತಿರುಗಿಸಿ, ತಾನೊಮ್ಮೆ ಕಣ್ಣಿಟ್ಟು ಸರಿಪಡಿಸಿದಳು. ತಂದೆ ಕಲಿಸಿದ ಕೈಚಳಕವೆಲ್ಲ ಅವಳಲ್ಲಿತ್ತು.

"ಮೂರು ಕುಳಿ ಇರೋ ಜಾಗ ಇಟ್ಟಿದ್ದೀನಿ" ಎಂದಳು. ಪಕ್ಕಕ್ಕೆ ಸರಿದಳು.

ಬೆಳಕೂ ಕತ್ತಲೂ ಸೇರುವ ಗೆರೆಯ ಮೇಲೆ, ಒಂದಕ್ಕೊಂದು ಆತುಕೊಂಡ ಮೂರು ದೊಡ್ಡ ಕುಳಿಗಳು. ಎಳೆಯ ಚಂದ್ರನ ಕಾಲದಲ್ಲಿ ಬಳಗದವರು ಮಕ್ಕಳಿಗೆ ಮೊದಲು ತೋರಿಸುತ್ತಿದ್ದುದು ಅವನ್ನೇ. ಬಸವಪ್ರಸಾದನಿಗೆ ಅವು ಸ್ವಂತ ಮನೆಯ ಅಡುಗೆಮನೆ ಇದ್ದಂತೆ. ಕನ್ನಡಕ ತೆಗೆದು ಪವಿಯ ಕೈಗೆ ಕೊಟ್ಟ. ಬಲಗಣ್ಣು ಮುಚ್ಚಿ, ಎಡಗಣ್ಣನ್ನು ತಂದು ಗಾಜಿಗೆ ಹೊಂದಿಸಿದ.

ಬೆಳಕು ಉಕ್ಕಿ ಬಂತು. ಎಷ್ಟು ಬೆಳಕು! ಬೆಳ್ಳಿ ಕಾಸಿ ಸುರಿದ ಹಾಗೆ. ಒಂದು ಗಳಿಗೆ ಅವನ ಎದೆ ಹಗುರಾಯಿತು. ಐತಿ, ಎಲ್ಲಾ ಐತಿ ಎಂದುಕೊಂಡ. ಮೇಲಿನ ಕುಳಿಯನ್ನು ನೋಡಿದ. ಮೇಲಿನದು ಹೋಯಿತು, ನಡುವಿನದೂ ಕೆಳಗಿನದೂ ಉಳಿದವು. ನಡುವಿನದಕ್ಕೆ ಬಂದ. ನಡುವಿನದು ಕರಗಿತು, ಮೇಲಿನದು ವಾಪಸು ಬಂದು ಕೂತಿತು. ಕೆಳಗಿನದನ್ನು ಹಿಡಿಯಲು ಹೋದ. ನೋಡಿದ್ದೇ ಹೋಗುತ್ತಿತ್ತು. ನೋಡದ್ದು ಮಾತ್ರ ಇರುತ್ತಿತ್ತು. ಬೆನ್ನಟ್ಟಿದ ಹಾಗೆ ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ ಓಡಾಡಿದ. ಬಲಗಣ್ಣಿನ ಬೂದಿಬಣ್ಣವೇ ಅದು, ಇನ್ನೂ ತೆಳ್ಳಗೆ, ಎಳೆಯ ಮಗುವಿನ ಉಸಿರಿನ ಹಾಗೆ.

"ಕಾಣ್ತಿದೆಯಾ?" ಅಶ್ವತ್ಥನಾರಾಯಣರು ಕೇಳಿದರು.

"ಸರಿ ಐತ್ರಿ."

"ಪಪ್ಪಾ, ಎಷ್ಟು ಕುಳಿ?"

ಮೂರು ಎಂದರೆ ಮುಗಿಯಿತು. ಮೂರಿವೆ ಎಂದು ಜಗತ್ತಿಗೇ ಗೊತ್ತು. ಮೂರು ಎಂದರೆ ನಾಳೆಯ ಸೂಜಿ ಇಲ್ಲ, ರಚನಾಳಿಗೆ ಹೇಳುವುದಿಲ್ಲ. ಬೈಲಹೊಂಗಲದ ಮುದುಕಿ ಸಾಯುವವರೆಗೂ ಮಗನ ಹೆಸರು ಹೇಳಿ ಕೈಮುಗಿಯುತ್ತಾಳೆ. ಅವನ ನಾಲಗೆ ಆ ಒಂದು ಮಾತನ್ನು ಹೊರಳಿಸಿ ಸಿದ್ಧಮಾಡಿಕೊಂಡಿತು. ತಾನಿಷ್ಟು ವರ್ಷ ದಿನಾ ಕಣ್ಣಿಟ್ಟದ್ದು ಯಾರ ಮೇಲೋ ಅವನು ಈಗಲಾದರೂ ಬಂದು ಆ ತೂತನ್ನು ತುಂಬಲಿ ಎಂದು ಬೇಡಿದ. ಮನಸ್ಸಿನಲ್ಲೂ ಅಲ್ಲ, ತುಟಿ ಅಲುಗಿಸಿಯೇ ಬೇಡಿದ. ತಂಪು ಗಾಳಿ ಬೀಸಿತು. ಚಂದ್ರ ಗಾಜಿನೊಳಗೆ ನಿಧಾನವಾಗಿ ಸರಿಯುತ್ತಿದ್ದ. ತೂತು ಅವನ ಜೊತೆ ಸರಿಯಲಿಲ್ಲ, ಬಸವಪ್ರಸಾದನ ಜೊತೆಗೇ ನಿಂತಿತ್ತು.

"ಗೊತ್ತಿರೋದು ಬೇಡ ಪಪ್ಪಾ," ಪವಿಯ ಕೈ ಅವನ ಬೆನ್ನ ಮೇಲಿತ್ತು. "ಕಾಣೋದು ಹೇಳು."

ಅದು ಅವನೇ ಹಳ್ಳಿಯ ಮಕ್ಕಳಿಗೆ ಜರ್ಮನಿನಲ್ಲಿ ಹೇಳಿಕೊಡುತ್ತಿದ್ದ ಮಾತು.

"ಎರಡು" ಎಂದ ಬಸವಪ್ರಸಾದ.

ಟೆಲಿಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ಹಣೆಯನ್ನು ಅದರ ಕೊಳವೆಗೆ ಆನಿಸಿ ನಿಂತ. ಮೊದಲು ಭುಜ ಅಲುಗಿತು, ಆಮೇಲೆ ಎಂದೂ ಯಾರೂ ಅವನ ಬಾಯಲ್ಲಿ ಕೇಳಿರದ ಒಂದು ಸದ್ದು ಹೊರಬಿತ್ತು. ದೂರದ ಹೊಲದ ಮನೆಯಲ್ಲಿ ನಾಯಿಯೊಂದು ಬೊಗಳಿತು. ಅಶ್ವತ್ಥನಾರಾಯಣರು ಎದ್ದು ಬಂದರು. ಏನು ಮಾಡಬೇಕೆಂದು ತಿಳಿಯದೆ ತಮ್ಮ ಮಫ್ಲರು ಬಿಚ್ಚಿ ಅವನ ಕೊರಳಿಗೆ ಸುತ್ತಿದರು.

ಗುಡ್ಡದ ಮೇಲೆ ಕಾದಿದ್ದವರಿಗೆ, ಬರುವುದಿಲ್ಲವೆಂದು ಪವಿ ಫೋನು ಮಾಡಿದಳು. ಕಾರನ್ನು ಹೊಲದಂಚಿನಲ್ಲೇ ಬಿಟ್ಟು ಮೂವರೂ ಅಶ್ವತ್ಥನಾರಾಯಣರ ಕಾರಿನಲ್ಲಿ ಕೂತರು. ಮುದುಕರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಕತ್ತು ಮುಂದೆ ಚಾಚಿ, ರಸ್ತೆಯನ್ನೇ ನೆಟ್ಟಗೆ ನೋಡುತ್ತ ಇಳಿಜಾರು ಇಳಿಸತೊಡಗಿದರು.

"ಅಮ್ಮಂಗೆ ನಾನು ಹೇಳ್ಲಾ?" ಹಿಂದಿನ ಸೀಟಿನಿಂದ ಪವಿ ಕೇಳಿದಳು.

"ಬ್ಯಾಡ. ನಾ ಹೇಳ್ತೀನಿ."

"ಏನಂತ?"

ಕಣ್ಣು ಹೋಗಿದೆ ಎಂದು ಹೇಳಬಹುದು. ಅದರ ಜೊತೆಗೆ ಹೋದದ್ದೇನೆಂದು ಹೇಳುವುದು ಹೇಗೆ? ಹೋಗಲು ಅದು ಬಂದೇ ಇರಲಿಲ್ಲವೆಂದು ಹೇಳುವುದು ಹೇಗೆ? ತಿರುವು ದಾಟುತ್ತಲೇ ಕೆಳಗೆ ಊರುಗಳ ದೀಪಗಳು ಹರಡಿಕೊಂಡವು. ಬಸವಪ್ರಸಾದ ಅತ್ತ ನೋಡಲಿಲ್ಲ. ಎಡ ಅಂಗೈಯಿಂದ ಎಡಗಣ್ಣನ್ನು ಮುಚ್ಚಿಕೊಂಡ. ಉಳಿದಷ್ಟಾದರೂ ಚೆಲ್ಲದಿರಲಿ ಎಂಬಂತೆ ಮೆತ್ತಗೆ, ಬಿಗಿಯಾಗಿ ಒತ್ತಿ ಹಿಡಿದುಕೊಂಡ. ಫೊಯರ್‌ಬಾಕ್ ಬರುವವರೆಗೂ ಆ ಕೈ ತೆಗೆಯಲಿಲ್ಲ.